ಒಂದೇ ಮಗುವಾದರೆ ನಾ ಬರಾಕಿಲ್ಲ

ಮಗುವನ್ನು ನೋಡಿಕೊಳ್ಳಲು ಆಯಾ ಬೇಕೆಂದು ಹುಡುಕಿದವರನ್ನು ನೀವು ಕಂಡಿರುತ್ತೀರಿ. ಆಯಾ ಸಿಕ್ಕಮೇಲೆ ಅವಳಿಗೋಸ್ಕರ ಮಗು ಹುಡುಕಿಕೊಂಡು ಬೀದಿಬೀದಿ ತಿರುಗಿದವರನ್ನು ಕಂಡಿದ್ದೀರಾ? ಇಲ್ಲವಾದರೆ ಈಗ ಕಂಡುಕೊಳ್ಳಿ, ಆ ಮಹಾತಾಯಿ ನಾನೇ! ಮನೆಯಲ್ಲಿ ಮಗು ಇರಲಿಲ್ಲವೇ ಎಂದು ಕೇಳುತ್ತೀರೇನೋ. ಇತ್ತು. ನಾಲ್ಕು ತಿಂಗಳ ಗಂಡುಮಗು, ಗುಂಡುಕಲ್ಲಿನ ಹಾಗೆ. ಆದರೆ ನಮ್ಮ ಆಯಾಗೆ ಒಂದು ಮಗುವನ್ನು ನೋಡಿಕೊಳ್ಳಲು ಬರುತ್ತಿರಲಿಲ್ಲ. ಎರಡಾದರೆ ಬರುತ್ತಿತ್ತು.

ಅದು ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ. ರಾಜ್ಯ ದೊಡ್ಡದಾದರೂ ನಜರ್‌ಬಾದಿನ ನಮ್ಮ ಬಾಡಿಗೆ ಮನೆ ಇದ್ದಷ್ಟೇ ಇತ್ತು. ಮುಂದೊಂದು ಜಗಲಿ, ನಡುಮನೆ, ಅಡುಗೆಮನೆ, ಹಿತ್ತಲಲ್ಲಿ ಒಂದು ನುಗ್ಗೆಮರ. ನಮ್ಮ ಮನೆಯವರು ಸರ್ವೆ ಇಲಾಖೆಯವರು. ಸರಪಳಿ ಹಿಡಿದು ಊರೂರ ಹೊಲ ಅಳೆಯುವ ಕೆಲಸ. ಹದಿನೈದು ದಿನಕ್ಕೊಮ್ಮೆ ಕ್ಯಾಂಪಿನಿಂದ ಬಂದರೆ ಬೀದಿನಾಯಿಗಳು ಅವರನ್ನು ಕಂಡು ಬೊಗಳುತ್ತಿದ್ದವು. ನಾನೇ ಜಗಲಿಗೆ ಬಂದು, ಇವರು ನಮ್ಮವರೇ ಕಣ್ರೋ ಎಂದು ನಾಯಿಗಳಿಗೆ ಪರಿಚಯ ಮಾಡಿಸಬೇಕಾಗಿತ್ತು. ನಾನು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ನಮ್ಮೂರ ಒಕ್ಕಲುಮಕ್ಕಳಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹುಡುಗಿ. ಆ ಜಂಬ ಈಗಲೂ ಇದೆ, ಮುಚ್ಚಿಡುವುದೇಕೆ?

ಬಾಣಂತನದ ರಜೆ ಮುಗಿಯುತ್ತ ಬಂದಿತ್ತು. ಸೋಮವಾರ ಬಂದು ಸಹಿ ಹಾಕದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಹೆಡ್‌ಮಿಸ್ಟ್ರೆಸ್ ಹೇಳಿಕಳಿಸಿದ್ದರು. ಊರಿನಿಂದ ನಮ್ಮತ್ತೆಯೂ ಹೇಳಿಕಳಿಸಿದ್ದರು. ಇಸ್ಕೂಲು ಸಾಕು, ಮಗೀನ ಎತ್ಕೊಂಡು ಬಂದ್ಬುಡು ಅಂತ. ಅತ್ತೆ ಕೆಟ್ಟವರಲ್ಲ. ಆದರೆ ಒಮ್ಮೆ ಊರಿಗೆ ಹೋದರೆ ಮತ್ತೆ ನನ್ನ ಕೈಗೆ ಸೀಮೆಸುಣ್ಣ ಬರುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಆ ಮನೆಯಲ್ಲಿ ನನಗೆ ತುಂಬ ಒಂಟಿತನ. ಸಂಜೆ ದೀಪ ಹಚ್ಚಿದ ಮೇಲೆ ಮಾತಾಡಲು ಒಂದು ನರಪಿಳ್ಳೆ ಇಲ್ಲ. ನನ್ನ ದನಿ ನನಗೇ ಮರೆತುಹೋದೀತು ಎಂದು ಹೆದರಿಕೆಯಾಗಿ, ನಾಳೆಯ ಪಾಠವನ್ನು ಗೋಡೆಗೆ ಗಟ್ಟಿಯಾಗಿ ಹೇಳುತ್ತಿದ್ದೆ. ಕದಂಬರು, ಗಂಗರು, ಚಾಲುಕ್ಯರು ಎಲ್ಲರೂ ಒಬ್ಬರ ಹಿಂದೊಬ್ಬರು ನಮ್ಮ ನಡುಮನೆಯಲ್ಲಿ ಆಳಿ ಹೋದರು. ಗೋಡೆಯ ಆ ಕಡೆ ಯಾರೋ ಇದ್ದರು. ಅವರ ಹೊಲಿಗೆ ಮೆಷಿನ್ನಿನ ಕಟಕಟ, ಬಾವಿಯ ರಾಟೆಯ ಕಿರ್ ಸದ್ದು, ಅವರ ಕೆಮ್ಮು ಎಲ್ಲ ನನಗೆ ಗೊತ್ತು. ಮುಖ ಮಾತ್ರ ಗೊತ್ತಿರಲಿಲ್ಲ. ಅವರು ಲಿಂಗವಂತರು ಎಂದು ಕೇಳಿದ್ದೆ. ನಮ್ಮದೋ ಭಾನುವಾರ ಬಂದರೆ ಮಸಾಲೆ ಅರೆಯುವ ಮನೆ. ವಾಸನೆ ಹೋದೀತೆಂದು ಆ ದಿಕ್ಕಿನ ಕಿಟಕಿ ಮುಚ್ಚಿಕೊಂಡೇ ಒಂದು ವರ್ಷ ಕಳೆದಿದ್ದೆ.

ಶುಕ್ರವಾರ ಸ್ಕೂಲಿನ ಜವಾನ ಅವಳನ್ನು ಕರೆತಂದ. ಬೋಗಾದಿಯವಳು. ಬೋಗಾದಿ ಎಂದರೆ ಈಗಿನ ಬಡಾವಣೆ ಎಂದುಕೊಳ್ಳಬೇಡಿ. ಆಗ ಅದು ಹೊಲಗದ್ದೆಯ ಹಳ್ಳಿ, ಅಲ್ಲಿಂದ ನಜರ್‌ಬಾದಿಗೆ ನಡೆದು ಬರುವುದೆಂದರೆ ಒಂದು ಹೊತ್ತಿನ ಕೆಲಸ. ಐವತ್ತು ದಾಟಿದ ಹೆಂಗಸು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ, ಕಂಕುಳಲ್ಲೊಂದು ಬಟ್ಟೆಯ ಗಂಟು. ದೊಡ್ಡದೊಡ್ಡ ಮನೆಗಳ ಮಕ್ಕಳನ್ನು ಸಾಕಿದ ಕೈ ಎಂದು ಜವಾನ ಹೊಗಳಿದ. ಅವಳು ಅದೊಂದನ್ನೂ ಕಿವಿಗೆ ಹಾಕಿಕೊಳ್ಳದೆ ನೆಟ್ಟಗೆ ಒಳಗೆ ಬಂದು, ತೊಟ್ಟಿಲಿಗೆ ಬಗ್ಗಿ, ನನ್ನ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನಡುಮನೆಯನ್ನೆಲ್ಲ ಒಂದು ಸುತ್ತು ನೋಡಿ, ನನ್ನ ಕಡೆ ತಿರುಗಿದಳು.

"ಇನ್ನೊಂದೆಲ್ಲಿ?"

"ಇನ್ನೊಂದು ಅಂದರೆ?"

"ಇನ್ನೊಂದು ಮಗ. ಒಂದೇಯಾ ಇರಾದು? ಒಂದೇ ಮಗುವಾದರೆ ನಾ ಬರಾಕಿಲ್ಲ ಕಣಮ್ಮಿ."

ಯಾರಾದರೂ ಹೀಗೆ ಹೇಳುವುದುಂಟೇ? ಕೆಲಸ ಹೆಚ್ಚಾಯಿತು ಎಂದು ಗೊಣಗುವವರನ್ನು ಕಂಡಿದ್ದೇನೆ, ಕಡಿಮೆಯಾಯಿತು ಎಂದು ಎದ್ದು ಹೊರಟವರನ್ನು ಕಂಡದ್ದು ಅದೇ ಮೊದಲು. ಇದ್ದಕ್ಕಿದ್ದಂತೆ ಇನ್ನೊಂದು ಮಗು ಎಲ್ಲಿಂದ ತರಲಿ, ಅದಕ್ಕೆ ಒಂಬತ್ತು ತಿಂಗಳಾದರೂ ಬೇಡವೇ, ಅದರಲ್ಲೂ ನಮ್ಮ ಮನೆಯವರು ಕ್ಯಾಂಪಿನಲ್ಲಿರುವಾಗ! ಇಷ್ಟೆಲ್ಲ ಬಾಯಿಗೆ ಬಂತು, ಆಡಲಿಲ್ಲ. ಅವಳು ಜಗಲಿಗೆ ಹೋಗಿ ಕುಳಿತು ಎಲೆ ಅಡಿಕೆ ತೆಗೆದಳು. ಎಲೆ ಅಗಿದು ಮುಗಿಯುವುದರೊಳಗೆ ನಾನು ಏನಾದರೂ ಮಾಡಬೇಕಿತ್ತು. ಆಗ ಗೋಡೆಯಾಚೆ ಒಂದು ಮಗು ಅತ್ತಿತು.

ಮಗನನ್ನು ಸೊಂಟದ ಮೇಲಿಟ್ಟುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ. ನನ್ನಷ್ಟೇ ವಯಸ್ಸಿನ ಹೆಣ್ಣುಮಗಳು ಬಾಗಿಲು ತೆಗೆದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಅಳತೆಯ ಟೇಪು, ತೋಳಿನಲ್ಲಿ ಬಿಕ್ಕುತ್ತಿರುವ ಹೆಣ್ಣುಕೂಸು. ಏನು ಹೇಳಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳುವವರ ಹಾಗೆ ಕೇಳಿಬಿಟ್ಟೆ.

"ಸ್ವಲ್ಪ ನಿಮ್ಮ ಮಗು ಬೇಕಾಗಿತ್ತು."

ಅವರು ಬಿಕ್ಕುವ ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡರು. ಆಮೇಲೆ, "ಪಾಠ ಹೇಳ್ತಾರಲ್ಲ, ಅವರು ನೀವೇ ತಾನೆ?" ಎಂದರು. "ಹೊಯ್ಸಳರದು ಅರ್ಧಕ್ಕೇ ನಿಲ್ಲಿಸಿಬಿಟ್ರಿ. ಮಗು ಆದಮೇಲೆ ಹೇಳಲೇ ಇಲ್ಲ. ಆಮೇಲೆ ಅವರಿಗೆ ಏನಾಯ್ತು ಕಣ್ರೀ?"

ಹೊಯ್ಸಳರಿಗೆ ಏನಾಯಿತೆಂದು ಹೇಳುವ ಬದಲು, ಯಾವ ಪಾಠ ಎಂದು ದಡ್ಡಿಯ ಹಾಗೆ ಕೇಳಿದೆ. ನಾನು ಗೋಡೆಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದ ಪಾಠವನ್ನು ಈಕೆ ಮೆಷಿನ್ನು ನಿಲ್ಲಿಸಿ ಕೇಳುತ್ತಿದ್ದರಂತೆ. ಟೀಚರಮ್ಮ ಓದಿದವರು, ನಮ್ಮ ಜೊತೆ ಮಾತಾಡುತ್ತಾರೋ ಇಲ್ಲವೋ ಎಂದು ಸುಮ್ಮನಿದ್ದರಂತೆ. ತಾಯಿಯಿಲ್ಲದ ಹೆಣ್ಣು, ಬಾಣಂತನ ಮಾಡಲು ಬಂದ ಚಿಕ್ಕಮ್ಮ ಹತ್ತೇ ದಿನಕ್ಕೆ ಹೋಗಿಬಿಟ್ಟಿದ್ದರು. ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಬೀದಿಯವರ ರವಿಕೆಗಳು ಅರ್ಧಂಬರ್ಧ ಹೊಲಿದು ರಾಶಿ ಬಿದ್ದಿದ್ದವು. ಆಯಾ ವಿಷಯ ಹೇಳಿದಾಗ ಅವರು ನಕ್ಕರು, ನಾನೂ ನಕ್ಕೆ, ನೋಡಿದರೆ ಇಬ್ಬರ ಕಣ್ಣಲ್ಲೂ ನೀರು. ಅವರ ಮಗಳನ್ನೂ ಎತ್ತಿಕೊಂಡು ಜಗಲಿಗೆ ಬಂದೆವು. ಆಯಾ ಎಲೆಯಡಿಕೆ ಉಗುಳಿ ಬಂದು, ಎರಡು ಮಕ್ಕಳನ್ನೂ ಎರಡು ಕಂಕುಳಿಗೆ ಇಟ್ಟುಕೊಂಡು ತೂಕ ನೋಡಿದಳು. ಸರಿಯಾಯಿತು ಎನ್ನುವ ಹಾಗೆ ತಲೆಯಾಡಿಸಿ, ನನ್ನ ಮನೆಯ ನಡುಮನೆಯಲ್ಲಿ ಗಂಟು ಇಳಿಸಿದಳು. ಸೋಮವಾರ ನಾನು ಸಹಿ ಹಾಕಿದೆ.

ಇನ್ನು ಅವಳ ದರ್ಬಾರು ಕೇಳಿ.

ಮೊದಲನೆಯದು, ಮಾತಾಡಿಸುವ ರೀತಿ. ನನ್ನನ್ನು ಅವಳು ಕರೆಯುತ್ತಿದ್ದುದು "ಏನಮ್ಮಿ" ಎಂದು. ಪಕ್ಕದ ಮನೆಯವರಿಗೂ ಅಷ್ಟೇ ಮರ್ಯಾದೆ. ಕಚೇರಿಯಲ್ಲಿ ನಾಲ್ಕು ಜನ ನಮಸ್ಕಾರ ಹೇಳುವ ಅವರ ಯಜಮಾನರು ಇವಳ ಬಾಯಲ್ಲಿ "ಏ ಕೂಸೇ, ಆ ಬಿಸಿನೀರು ಇತ್ಲಾಗೆ ತತ್ತಾ" ಆಗಿದ್ದರು. ಆದರೆ ಮಕ್ಕಳ ಮುಂದೆ ಬಂದರೆ ಅಮಲ್ದಾರರ ಮುಂದೆ ರೈತ ನಿಂತ ಹಾಗೆ! "ಬುದ್ದೀ, ಬಾಯಿ ತೆಗೀರಿ. ಇನ್ನೊಂದು ಗುಟುಕು ಆಲು ಕುಡೀರಿ ಬುದ್ದೀ." ಹೆಣ್ಣುಮಗು ಅಮ್ಮಾವ್ರು. "ಅಮ್ಮಾವ್ರೇ, ವಸಿ ಮಗ್ಗಲಾಗಿ, ಬಟ್ಟೆ ಬದಲಾಯಿಸ್ತೀನಿ." ಬಟ್ಟೆ ಒದ್ದೆ ಮಾಡಿಕೊಂಡವರಿಗೆ ಇಷ್ಟೊಂದು ಬಹುವಚನವೇ ಎಂದು ಒಮ್ಮೆ ಕೇಳಿದೆ. ಅದಕ್ಕೆ ಅವಳು, ದೊಡ್ಡವರಾದ ಮೇಲೆ ಯಾರು ಯಾರಿಗೆ ಮರ್ಯಾದೆ ಕೊಡುತ್ತಾರೋ ಬಿಡುತ್ತಾರೋ, ಈಗಲಾದರೂ ಸಿಕ್ಕಲಿ ಎಂದಳು. ನನಗೆ ಯಾವಾಗ ಸಿಕ್ಕೀತು ಎಂದದ್ದಕ್ಕೆ, ನೀನೇನು ಮಗುವೇ ಎಂದು ಬಾಯಿ ಮುಚ್ಚಿಸಿದಳು.

ಎರಡನೆಯದು, ಸಮಪಾಲು. ಒಂದಕ್ಕೆ ಎಣ್ಣೆ ಹಚ್ಚಿದರೆ ಇನ್ನೊಂದಕ್ಕೂ ಹಚ್ಚಬೇಕು. ಒಂದಕ್ಕೆ ಸಾಂಬ್ರಾಣಿ ಹೊಗೆ ಹಿಡಿದರೆ ಇನ್ನೊಂದಕ್ಕೂ ಹಿಡಿಯಬೇಕು. ಬೆಳಿಗ್ಗೆ ಸ್ನಾನವಾದ ಕೂಡಲೇ ಒಂದೇ ಬೆರಳಿನಲ್ಲಿ ಕಾಡಿಗೆ ತೆಗೆದು ಎರಡು ಎಡಗೆನ್ನೆಗಳಿಗೂ ಒಂದೊಂದು ದೃಷ್ಟಿಬೊಟ್ಟು, ಅಳತೆ ಮಾಡಿದ ಹಾಗೆ ಒಂದೇ ಗಾತ್ರ. ಒಮ್ಮೆ ನನ್ನ ಮಗನಿಗೆ ನೆಗಡಿಯಾಯಿತು. ಇವಳು ಇಬ್ಬರನ್ನೂ ಡಾಕ್ಟರ ಬಳಿ ಎತ್ತಿಕೊಂಡು ಹೋದಳು. ಡಾಕ್ಟರು ಹುಡುಗನಿಗೆ ಔಷಧಿ ಕೊಟ್ಟು, ಹುಡುಗಿಗೆ ಏನೂ ಇಲ್ಲ, ಚೆನ್ನಾಗಿದ್ದಾಳೆ ಎಂದರು. ಇವಳು ಕುರ್ಚಿಯಿಂದ ಏಳಲೇ ಇಲ್ಲವಂತೆ. ಒಂದಕ್ಕೆ ಕೊಟ್ಟು ಒಂದಕ್ಕೆ ಬುಟ್ರೆ ಅದರ ಮನಸ್ಸು ಏನನ್ಕೋಬೇಕು ಎಂದು ವಾದಕ್ಕೆ ನಿಂತಳಂತೆ. ಹಿಂದೆ ರೋಗಿಗಳ ಸಾಲು ಬೆಳೆಯುತ್ತಿದ್ದುದನ್ನು ಕಂಡು ಡಾಕ್ಟರು ಸೋತು, ಒಂದು ಸೀಸೆಗೆ ಸಕ್ಕರೆ ನೀರು ತುಂಬಿ, ದಿನಕ್ಕೆ ಮೂರು ಸಲ ಎಂದು ಚೀಟಿ ಅಂಟಿಸಿ ಕೊಟ್ಟರು. ಅದೇ ವಾಸಿ ಎಂದು ನನ್ನ ಮಗ ಆ ಸೀಸೆಗೇ ಕೈ ಚಾಚುತ್ತಿದ್ದ.

ಇದನ್ನಾದರೂ ಸಹಿಸಬಹುದು. ಅಳುವಿನ ವಿಷಯ ಹೇಳುತ್ತೇನೆ, ಕೇಳಿ. ಒಂದು ಮಗು ಅತ್ತರೆ ಬೇರೆ ಆಯಾಗಳು ಏನು ಮಾಡುತ್ತಾರೆ? ಮಲಗಿರುವ ಇನ್ನೊಂದು ಏಳದ ಹಾಗೆ ನೋಡಿಕೊಳ್ಳುತ್ತಾರೆ. ನಮ್ಮವಳು ಮಲಗಿದ್ದನ್ನು ಎಬ್ಬಿಸುತ್ತಿದ್ದಳು! ಅಂಗಾಲಿಗೆ ಕಚಗುಳಿಯಿಟ್ಟು ಎಬ್ಬಿಸಿ, ಅಳುವ ಮಗುವಿನ ಪಕ್ಕದಲ್ಲಿ ಮಲಗಿಸುತ್ತಿದ್ದಳು. ಅದೂ ಅಳಲು ಶುರು ಮಾಡಿದರೆ ಅವಳಿಗೆ ಎಂಥದೋ ನೆಮ್ಮದಿ. ಆಮೇಲೆ ನಿಧಾನವಾಗಿ ಎರಡನ್ನೂ ಸಮಾಧಾನ ಮಾಡುತ್ತಿದ್ದಳು. ನಾವು ತಾಯಂದಿರಿಬ್ಬರೂ ಜಗಳಕ್ಕೆ ಹೋದೆವು. ಮಲಗಿದ್ದ ಮಗುವನ್ನು ಯಾಕೆ ಎಬ್ಬಿಸಬೇಕು, ನಿನಗೆ ಬುದ್ಧಿ ನೆಟ್ಟಗಿದೆಯೇ ಎಂದು ನಾನು ಸ್ಕೂಲಿನ ದನಿಯಲ್ಲೇ ಗದರಿಸಿದೆ.

"ಒಂದೇ ಮಗ ಅಳಬಾರ್ದು ಕಣಮ್ಮಿ," ಎಂದಳು. "ಜೊತೆಗೆ ಇನ್ನೊಂದಿರಬೇಕು."

ಯಾಕೆ ಎಂದು ನಾನು ಕೇಳಲಿಲ್ಲ. ಮಕ್ಕಳಿಗೆ ದಿನವೂ ಯಾಕೆ, ಏನು, ಎಲ್ಲಿ ಎಂದು ಪ್ರಶ್ನೆ ಕೇಳುವ ಕಸುಬಿನವಳು, ಅದೊಂದು ಪ್ರಶ್ನೆ ಕೇಳಲಿಲ್ಲ. ಹಳ್ಳಿಯವಳ ಹುಚ್ಚು ಎಂದುಕೊಂಡು ಬಿಟ್ಟುಬಿಟ್ಟೆ.

ಇನ್ನು ಗೋಡೆಯ ಕಥೆ. ಎರಡು ಮನೆಯ ಹಿತ್ತಲ ನಡುವೆ ಆಳೆತ್ತರದ ಮಣ್ಣಿನ ಗೋಡೆಯೊಂದಿತ್ತು. ಹೆಣ್ಣುಮಗುವಿಗೆ ತಾಯಿಯ ಹಾಲು ಬೇಕಾದಾಗಲೆಲ್ಲ ಇವಳು ಎರಡು ಮಕ್ಕಳನ್ನೂ ಎತ್ತಿಕೊಂಡು ಮುಂಬಾಗಿಲಿನಿಂದ ಬೀದಿಗಿಳಿದು ಸುತ್ತಿ ಹೋಗಬೇಕಾಗಿತ್ತು. ಒಂದನ್ನು ಬಿಟ್ಟು ಒಂದನ್ನು ಒಯ್ಯುವ ಮಾತೇ ಇಲ್ಲವಲ್ಲ. ಒಂದು ದಿನ ನಾನು ಸ್ಕೂಲಿನಿಂದ ಬಂದು ನೋಡುತ್ತೇನೆ, ಗೋಡೆಯಲ್ಲಿ ಆಳು ಹೋಗುವಷ್ಟು ದಾರಿ! ಪಕ್ಕದಲ್ಲಿ ಹಾರೆ, ಮಣ್ಣಿನ ಗುಡ್ಡೆ, ಗುಡ್ಡೆಯ ಪಕ್ಕದಲ್ಲಿ ಚಾಪೆ, ಚಾಪೆಯ ಮೇಲೆ ಎರಡು ಮಕ್ಕಳು ಈ ತಮಾಷೆ ನೋಡುತ್ತ ಕೈಕಾಲು ಆಡಿಸುತ್ತಿದ್ದವು. ಎರಡೂ ಮನೆಗಳ ಮಾಲೀಕರು ಒಬ್ಬರೇ. ಸುದ್ದಿ ತಿಳಿದು ಕೊಡೆ ಝಳಪಿಸುತ್ತ ಬಂದರು. ನಾನು ಒಳಗೆ ಅವಿತುಕೊಂಡೆ. ಈ ಮಳೆಗಾಲಕ್ಕೆ ಬೀಳೋ ಗೋಡೆ ಕಣಪ್ಪ, ಮಕ್ಕಳ ಮೇಲೆ ಬೀಳೋದಕ್ಕಿಂತ ಮುಂಚೆ ನಾನೇ ಬೀಳಿಸಿವ್ನಿ, ನಿಂಗೊಂದು ಕೆಲಸ ಉಳೀತು ಎಂದು ಅವಳು ಅವರಿಗೆ ತಿಳಿಹೇಳುವುದು ಕೇಳಿಸಿತು. ಅವರು ಬಂದ ಕೆಲಸವನ್ನೇ ಮರೆತು, ಅವಳು ಕೊಟ್ಟ ನೀರುಮಜ್ಜಿಗೆ ಕುಡಿದು ಹೋದರು.

ಆ ದಾರಿಯಿಂದ ನನ್ನ ಬದುಕೇ ಬೇರೆಯಾಯಿತು. ಸಂಜೆಯಾದರೆ ಪಕ್ಕದ ಮನೆಯವರು ಹೊಲಿಗೆಯ ಬಟ್ಟೆ ಹಿಡಿದು ಈ ಕಡೆ ಬರುತ್ತಿದ್ದರು. ಮಗುವಿನ ನೆವದಿಂದ ಬಂದು ಮಗುವನ್ನು ಮರೆತು ಮಾತಾಡುತ್ತಿದ್ದೆವು. ನಾನು ಪಾಠ ಹೇಳುತ್ತಿದ್ದೆ, ಅವರು ಗುಂಡಿ ಹೊಲಿಯುತ್ತ ಕೇಳುತ್ತಿದ್ದರು. ಭಾನುವಾರದ ಕಿಟಕಿಯ ವಿಷಯ ಹೇಳಿಕೊಂಡಾಗ, ವಾಸನೆ ಮೊದಲಿಂದ್ಲೂ ಬರ್ತಾನೇ ಇತ್ತು ಕಣ್ರೀ, ಕಿಟಕಿ ಮುಚ್ಚಿ ನೀವೊಬ್ರೇ ಬೆಂದ್ರಿ ಅಷ್ಟೆ ಎಂದು ನಕ್ಕರು.

ಹೀಗಿರುವಾಗ ನಮ್ಮತ್ತೆ ಊರಿನಿಂದ ಹೇಳದೆ ಕೇಳದೆ ಬಂದಿಳಿದರು. ಸೊಸೆಯ ಸಂಸಾರ ಎಷ್ಟು ಹಾಳಾಗಿದೆ ಎಂದು ಕಣ್ಣಾರೆ ಕಂಡು, ಅದೇ ಬಸ್ಸಿಗೆ ನಮ್ಮನ್ನೂ ಹೊರಡಿಸಿಕೊಂಡು ಹೋಗುವ ಹುನ್ನಾರ. ತೊಟ್ಟಿಲಿಗೆ ಬಗ್ಗಿದವರು ಹಾಗೇ ನಿಂತರು. ಮೊಮ್ಮಗನ ಹಣೆಯಲ್ಲಿ ಮೂರೆಳೆ ವಿಭೂತಿ! ಕೊರಳಲ್ಲಿ ಒಂದು ಪುಟ್ಟ ಬಟ್ಟೆಯ ಚೀಲ! ಆಗಿದ್ದಿಷ್ಟು. ಪಕ್ಕದ ಮನೆಯ ಮಗುವಿಗೆ ಅವರ ಪದ್ಧತಿಯಂತೆ ಅಯ್ಯನವರು ಬಂದು ಲಿಂಗ ಕಟ್ಟಿದ್ದರು. ಅದನ್ನು ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ಹಾಕಿರುತ್ತಿದ್ದರು. ಒಂದಕ್ಕೆ ಹಾಕಿ ಒಂದಕ್ಕೆ ಬಿಡಲು ನಮ್ಮ ಆಯಾಗೆ ಆಗುತ್ತದೆಯೇ? ಹೊಲಿಗೆಯ ಚೂರು ಬಟ್ಟೆ ತಂದು, ಥೇಟು ಅಂಥದೇ ಚೀಲ ಮಾಡಿ ನನ್ನ ಮಗನಿಗೂ ತೊಡಿಸಿದ್ದಳು. ಅವತ್ತು ಶನಿವಾರ, ಬೆಳಗಿನ ಅರ್ಧ ದಿನದ ಸ್ಕೂಲು; ಹೊರಡುವ ಗಡಿಬಿಡಿಯಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅತ್ತೆಯ ಮುಖ ಕೆಂಪಾಯಿತು. ಮಾರಮ್ಮನ ಒಕ್ಕಲಿನ ಮಗುವಿಗೆ ಯಾರನ್ನು ಕೇಳಿ ಲಿಂಗ ಕಟ್ಟಿಸಿದೆ ಎಂದು ನನ್ನನ್ನು ಹಿಡಿದು ನಿಲ್ಲಿಸಿದರು. ನಾನು ತಡಬಡಾಯಿಸಿದೆ. ಇನ್ನೇನು, ಕೆಲಸ ಹೋಯಿತು, ಸೀಮೆಸುಣ್ಣ ಹೋಯಿತು, ನಾಳೆ ಬೆಳಿಗ್ಗೆ ಊರಿನ ಬಸ್ಸು ಎಂದುಕೊಂಡೆ. ಪಕ್ಕದ ಮನೆಯವರು ಗೋಡೆಯ ದಾರಿಯಲ್ಲಿ ಬಿಳಿಚಿಕೊಂಡು ನಿಂತಿದ್ದರು. ಆಯಾ ಮಾತ್ರ ರಾಗಿ ಹಸನು ಮಾಡುತ್ತ ಕುಳಿತಲ್ಲಿಂದಲೇ, "ಬಿಚ್ಚಿ ನೋಡು," ಎಂದಳು. ಅತ್ತೆ ಚೀಲದ ದಾರ ಬಿಚ್ಚಿ, ಅಂಗೈ ಮೇಲೆ ಬೋರಲು ಹಾಕಿದರು. ಏನೂ ಬೀಳಲಿಲ್ಲ.

"ಇದ್ರಲ್ಲಿ ಏನೂ ಇಲ್ವಲ್ಲ!"

"ಇಲ್ಲ ಕಣವ್ವ. ನಿಮ್ಮನೆ ದೇವ್ರು ಯಾವ್ದು ಅಂತ ನಂಗೆಂಗೆ ಗೊತ್ತಾದದು? ಜಾಗ ಮಾಡಿ ಮಡಗಿವ್ನಿ. ತಂದು ನೀನೇ ಹಾಕು."

ಅತ್ತೆ ಆ ಖಾಲಿ ಚೀಲವನ್ನು ಒಳಹೊರಗು ಮಾಡಿ ನೋಡಿದರು. ಆಮೇಲೆ ಚೀಲವನ್ನು ಮತ್ತೆ ಮಗುವಿನ ಕೊರಳಿಗೆ ಕಟ್ಟಿ, ಮಧ್ಯಾಹ್ನ ಊಟ ಮಾಡಿ, ಸಂಜೆ ಬಸ್ಸಿಗೆ ಒಬ್ಬರೇ ಹೊರಟರು. ಎಂಟು ದಿನಕ್ಕೆ ಊರಿನವರೊಬ್ಬರ ಕೈಯಲ್ಲಿ ಮಾರಮ್ಮನ ಕುಂಕುಮದ ಪೊಟ್ಟಣ ಬಂತು. ಪೊಟ್ಟಣ ಎರಡಿದ್ದವು. ಪಕ್ಕದ ಮನೆ ಮಗೀಗೂ ಒಂದಿರಲಿ ಎಂದು ಹೇಳಿಕಳಿಸಿದ್ದರು. ಆಯಾಳ ಹುಚ್ಚು ಅಷ್ಟು ದೂರಕ್ಕೂ ಅಂಟಿಕೊಂಡಿತ್ತು ನೋಡಿ.

ನಾನು ಇಷ್ಟು ಹೊತ್ತು ನಗಿಸಿದೆನಲ್ಲ, ಇನ್ನು ನಗಿಸಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ರಾಜ್ಯ ದೊಡ್ಡದಾಯಿತು ಎಂದೆನಲ್ಲ, ಅದಕ್ಕೆ ತಕ್ಕ ಹಾಗೆ ವರ್ಗಾವಣೆಗಳೂ ದೂರದೂರದವು. ಪಕ್ಕದ ಮನೆಯ ಯಜಮಾನರಿಗೆ ರಾಯಚೂರಿಗೆ ವರ್ಗವಾಯಿತು. ಒಂದು ತಿಂಗಳು ಗಡುವು. ಸುದ್ದಿ ಬಂದ ಸಂಜೆ ಅವರು ಗುಂಡಿ ಹೊಲಿಯಲಿಲ್ಲ, ನಾನು ಪಾಠ ಹೇಳಲಿಲ್ಲ. ಆಯಾ ಎರಡು ಮಕ್ಕಳ ನಡುವೆ ಕುಳಿತು ನನ್ನನ್ನೇ ನೋಡುತ್ತಿದ್ದಳು. ಅವಳ ಷರತ್ತು ನನಗೆ ನೆನಪಿದೆಯೇ ಇಲ್ಲವೇ ಎಂದು ನೋಡುತ್ತಿದ್ದಳು ಅಂತ ಕಾಣುತ್ತದೆ.

ನೆನಪಿಲ್ಲದೆ ಏನು? ಮಾರನೆಯ ದಿನದಿಂದಲೇ ಮಗು ಹುಡುಕಲು ಹೊರಟೆ. ನಾಲ್ಕು ಬೀದಿಗಳಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದೆ, ಯಾರ ಮನೆಯ ಹಗ್ಗದ ಮೇಲೆ ಲಂಗೋಟಿ ಒಣಗುತ್ತಿದೆ ಎಂದು ತಲೆಯೆತ್ತಿಕೊಂಡೇ ನಡೆಯುತ್ತಿದ್ದೆ. ತುಂಬು ಬಸುರಿಯೊಬ್ಬರನ್ನು ತಡೆದು, ನಿಮಗೆ ಯಾವಾಗ ದಿನ ತುಂಬುತ್ತದೆ, ಸ್ವಲ್ಪ ಬೇಗ ಆಗಬಹುದೇ ಎಂದು ಕೇಳಿದೆ! ಅವರು ಆಮೇಲೆ ನನ್ನನ್ನು ಕಂಡರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದರು. ಕೊನೆಗೆ ಒಂದು ಮನೆಯಲ್ಲಿ ತಾಯಿ ಒಪ್ಪಿದರು. ಒಳಗಿನಿಂದ ಅಜ್ಜಿ ಬಂದು, ನಿನ್ನ ಮಗೀಗೆ ಜೊತೆ ಬೇಕಾದ್ರೆ ಒಂದು ಬೆಕ್ಕು ಸಾಕ್ಕೋ ಎಂದು ಬಾಗಿಲು ಹಾಕಿಕೊಂಡರು. ತಿಂಗಳು ಮುಗಿಯಿತು, ಇನ್ನೊಂದು ಮಗು ಸಿಕ್ಕಲಿಲ್ಲ.

ಅವರು ಹೊರಟದ್ದು ಶನಿವಾರ. ಜಟಕಾದಲ್ಲಿ ಹೊಲಿಗೆ ಮೆಷಿನ್ನನ್ನು ಮಗುವಿಗಿಂತ ಜೋಪಾನವಾಗಿ ಕೂರಿಸಿದ್ದರು. ಗೆಳತಿ ನನ್ನ ಕೈ ಹಿಡಿದು, "ಇನ್ನು ನಿಮ್ಮ ಪಾಠ ಯಾರು ಕೇಳ್ತಾರೆ ಕಣ್ರೀ?" ಎಂದರು. ಆಯಾ ಹೆಣ್ಣುಮಗುವಿನ ಕೆನ್ನೆಗೆ ಬೊಟ್ಟಿಟ್ಟು, "ಓಗಿ ಬನ್ನಿ ಅಮ್ಮಾವ್ರೇ," ಎಂದು ಎರಡು ಕೈ ಎತ್ತಿ ಮುಗಿದಳು. ಭಾನುವಾರ ಮಾಲೀಕರು ಆಳು ಕಳಿಸಿ, ಹೊಸ ಬಾಡಿಗೆಯವರು ಬರುತ್ತಾರೆಂದು ಹಿತ್ತಲ ಗೋಡೆಯ ದಾರಿಯನ್ನು ಇಟ್ಟಿಗೆಯಿಟ್ಟು ಮುಚ್ಚಿಸಿದರು. ಆ ಸಂಜೆ ಗೋಡೆಗೆ ಕಿವಿಯಿಟ್ಟು ನೋಡಿದೆ. ಮೆಷಿನ್ನಿಲ್ಲ, ರಾಟೆಯಿಲ್ಲ, ಕೆಮ್ಮಿಲ್ಲ.

ಸೋಮವಾರ ಬೆಳಿಗ್ಗೆ ನಾನು ಸ್ಕೂಲಿಗೆ ಸೀರೆ ಉಡುತ್ತಿದ್ದಾಗ ಅವಳು ಗಂಟು ಕಟ್ಟಿದಳು. ನನ್ನ ಮಗನಿಗೆ ಸ್ನಾನ ಮಾಡಿಸಿ, ಹಾಲು ಕುಡಿಸಿ, ಬೊಟ್ಟಿಟ್ಟು ತೊಟ್ಟಿಲಲ್ಲಿ ಮಲಗಿಸಿಯಾಗಿತ್ತು. ಓಯ್ತೀನಿ ಕಣಮ್ಮಿ ಎಂದಳು. ನನಗೆ ಸಿಟ್ಟು ಬಂತು. ಬೇಡಿಕೊಂಡೆ, ಬೈದೆ, ಇವತ್ತು ನಾನು ಹೋಗದಿದ್ದರೆ ಕೆಲಸ ಉಳಿಯುವುದಿಲ್ಲ ಎಂದೆ. ಎರಡು ಬೇಕು ಎರಡು ಬೇಕು ಎನ್ನುತ್ತೀಯಲ್ಲ, ಯಾಕೆ, ಒಂದು ಮಗು ನಿನಗೇನು ಕೇಡು ಮಾಡಿದೆ ಎಂದು ಕೂಗಿದೆ. ಅವಳು ಬಂದು ಎಂಟು ತಿಂಗಳಾದ ಮೇಲೆ ಆ ಪ್ರಶ್ನೆ ಕೇಳಿದ್ದೆ.

ಅವಳು ಗಂಟನ್ನು ಕಂಕುಳಿಂದ ಇಳಿಸದೆಯೇ ನಿಂತು ಹೇಳಿದಳು.

"ಬೋಗಾದೀಲಿ ನಂಗೂ ಒಂದು ಮಗ ಇತ್ತು. ಮೂರು ತಿಂಗ್ಳು ಅದಕ್ಕೆ. ದೊಡ್ಡೋರ ಮನೆ ಮಗೀಗೆ ಎದೆಹಾಲು ಕೊಡಾಕೆ ಅಂತ ನನ್ನ ಕರ್ಕೊಂಡೋದ್ರು. ನಿನ್ನ ಮಗೀನ ತರಂಗಿಲ್ಲ ಅಂದ್ರು. ಬುಟ್ಟು ಓದೆ. ಅವರ ಮಗ ಒಟ್ಟೆ ತುಂಬ ಕುಡುದು ಮಲಗೋದು. ನಂದು ಬೋಗಾದೀಲಿ ಅಳ್ತಿತ್ತು. ಒಂದೇಯ. ಅಳ್ತಾ ಅಳ್ತಾನೇ ಓಯ್ತಂತೆ. ನಾ ಬರೋ ಒತ್ಗೆ ಮಣ್ಣು ಮಾಡಿದ್ರು."

ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅವತ್ತಿಂದ ಒಂದು ಮಗೀನ ಎತ್ಕೊಂಡ್ರೆ, ಇನ್ನೊಂದು ಎಲ್ಲೋ ಒಂದೇ ಅಳ್ತಾ ಅದೆ ಅನ್ನಿಸ್ತದೆ ಕಣಮ್ಮಿ. ಎಲ್ಡೂ ಕಣ್ಮುಂದೆ ಇದ್ರೆ ಅನ್ನಿಸಾಕಿಲ್ಲ."

ನಾನು ದಾರಿ ಬಿಟ್ಟೆ. ಅವಳು ಜಗಲಿ ಇಳಿದಳು. ಒಳಗೆ ಮಗನಿಗೆ ಎಚ್ಚರವಾಗಿ ಅಳತೊಡಗಿದ. ಅವನ ಪಕ್ಕದಲ್ಲಿ ಎಬ್ಬಿಸಿ ಮಲಗಿಸಲು ಇನ್ನೊಂದು ಮಗುವಿರಲಿಲ್ಲ. ಆಯಾಳ ಬೆನ್ನು ಒಮ್ಮೆ ಬಿಗಿಯಾಯಿತು. ಆದರೂ ಹೆಜ್ಜೆ ಹಾಕಿದಳು.

ನಾನು ಹೋಗಿ ಮಗುವನ್ನು ಎತ್ತಿಕೊಳ್ಳಬೇಕಾಗಿತ್ತು. ಅದರ ಬದಲು ಸ್ಕೂಲಿನ ಸೀರೆಯಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತುಬಿಟ್ಟೆ. ಕಣ್ಣೀರು ಒರೆಸಿಕೊಳ್ಳುವ ಅಳುವಲ್ಲ, ದನಿ ತೆಗೆದು ಅಳುವ ಅಳು. ಆ ಮನೆಗೆ ಬಂದ ಮೇಲೆ ನಾನು ಒಂದು ದಿನವೂ ಹಾಗೆ ಅತ್ತಿರಲಿಲ್ಲ. ಅತ್ತರೆ ಕೇಳುವವರು ಯಾರಿದ್ದರು? ಮುಚ್ಚಿದ ಗೋಡೆಗಾಗಿ ಅತ್ತೆ, ರಾಯಚೂರಿಗೆ ಹೋದವರಿಗಾಗಿ ಅತ್ತೆ, ಯಾರದೋ ಹೊಲ ಅಳೆಯುತ್ತ ದೂರದಲ್ಲಿದ್ದ ಗಂಡನಿಗಾಗಿ ಅತ್ತೆ, ನಾನು ನೋಡದೇ ಇದ್ದ ಬೋಗಾದಿಯ ಆ ಮೂರು ತಿಂಗಳ ಕೂಸಿಗಾಗಿಯೂ ಅತ್ತೆ. ಒಳಗೆ ಮಗ, ಹೊಸ್ತಿಲಲ್ಲಿ ನಾನು.

ಸ್ವಲ್ಪ ಹೊತ್ತಿಗೆ ಕಾಲ ಬಳಿ ಧೊಪ್ಪನೆ ಏನೋ ಬಿತ್ತು. ಬಟ್ಟೆಯ ಗಂಟು. ತಲೆಯೆತ್ತಿದೆ. ಅವಳು ನಿಂತುಕೊಂಡು ಒಮ್ಮೆ ತೊಟ್ಟಿಲ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು. ನನ್ನನ್ನು ದಾಟಿ ಒಳಗೆ ಹೋಗಿ ಮಗನನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಸೆರಗಿನ ಚುಂಗಿನಿಂದ ಮೊದಲು ಅವನ ಮುಖ ಒರೆಸಿದಳು. ಅದೇ ಚುಂಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ಸೊಂಟದಿಂದ ಕಾಡಿಗೆಯ ಡಬ್ಬಿ ತೆಗೆದು, ಅವನ ಎಡಗೆನ್ನೆಯ ಅಳಿಸಿದ ಬೊಟ್ಟನ್ನು ತಿದ್ದಿ, ಅದೇ ಬೆರಳನ್ನು ನನ್ನ ಎಡಗೆನ್ನೆಗೆ ಒತ್ತಿದಳು.

"ಏಳಿ ಅಮ್ಮಾವ್ರೇ," ಎಂದಳು. "ಇಸ್ಕೂಲಿಗೆ ಒತ್ತಾಯ್ತದೆ."

ಅವತ್ತು ತರಗತಿಯಲ್ಲಿ ನನ್ನ ಕೆನ್ನೆ ನೋಡಿ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ಅದನ್ನು ಒರೆಸಿಕೊಳ್ಳಲಿಲ್ಲ.